ನಿಧಾನಕ್ಕೆ ಹೋಗುವ ವಿಮಾನ

"ಇದಕ್ಕಿಂತ ನಿಧಾನಕ್ಕೆ ಹೋಗೋ ವಿಮಾನ ಇಲ್ವೇನಮ್ಮಾ?"

ಟಿಕೆಟ್ ಕಚೇರಿಯ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿದಳು. ಆ ಮೇಜಿನೆದುರು ಕುಳಿತವರೆಲ್ಲ ಬೇಗ ತಲುಪುವ ದಾರಿ ಕೇಳಿದವರೇ. ಕೊರಳಿಗೆ ಅಳತೆಯ ಟೇಪು ಇಳಿಬಿಟ್ಟುಕೊಂಡೇ ಬಂದಿದ್ದ ಈ ದರ್ಜಿಯದೊಂದು ಹೊಸ ಬೇಡಿಕೆ.

ಕಾರಣವಿತ್ತು. ಮದುವೆಯೆಂದರೆ ಮಾರು ದೂರ ಓಡುತ್ತಿದ್ದ ಅವರ ತಮ್ಮ, ಎಂಟು ಸಾವಿರ ಕಿಲೋಮೀಟರ್ ಆಚೆಯ ಊರಿನಲ್ಲಿ, ಐವತ್ತನೆಯ ವಯಸ್ಸಿಗೆ ಒಪ್ಪಿಕೊಂಡಿದ್ದ. ಮದುವೆ ನಾಳೆ ಸಂಜೆಯೇ. "ನೀನು ಹೊಲಿದ ಕೋಟೇ ಬೇಕು ಅಣ್ಣಾ. ಆದ್ರೆ ಗಿರಾಕಿಗಳಿಗೆ ಹೇಳೋ ಹಾಗೆ ನನಗೂ 'ನಾಳೆ ಬನ್ನಿ' ಅನ್ನಬೇಡ" ಎಂದು ಫೋನಿನಲ್ಲಿ ಚುಚ್ಚಿದ್ದ. ಮೂವತ್ತು ವರ್ಷಗಳಲ್ಲಿ ಒಂದು ಬಟ್ಟೆಯನ್ನೂ ಹೇಳಿದ ದಿನಕ್ಕೆ ಕೊಟ್ಟಿರದ ಅಣ್ಣನಿಗೆ ಮಾತು ನಾಟಿತ್ತು. ಕೋಟಿನ ಒಳಪದರ ಕೂರಿಸಲು ಇವತ್ತಿಡೀ ಬೇಕು. ಗುಂಡಿ ತೂರಿಸುವ ಕಾಜಾಗಳು ವಿಮಾನದಲ್ಲೇ ಮುಗಿಯಬೇಕು: ಎದೆಗೆ ಮೂರು, ತೋಳುಗಳಿಗೆ ನಾಲ್ಕು ನಾಲ್ಕು, ಕಾಲರಿಗೆ ಒಂದು.

"ಕೈಹೊಲಿಗೆ, ಒಂದಕ್ಕೆ ನಲವತ್ತು ನಿಮಿಷ. ಹನ್ನೆರಡಕ್ಕೆ ಎಂಟು ಗಂಟೆ. ನಿಮ್ಮ ವಿಮಾನ ನೋಡಿದ್ರೆ ಬೆಳಿಗ್ಗೆ ಹತ್ತಕ್ಕೆ ಹಾರಿ ಮಧ್ಯಾಹ್ನ ಒಂದಕ್ಕೇ ಇಳಿಯುತ್ತೆ. ಮೂರೇ ಗಂಟೆ!"

"ಅಂಕಲ್, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಏಳು ಗಂಟೆ ಹಿಂದೆ. ನೀವು ಪೂರ್ತಿ ಹತ್ತು ಗಂಟೆ ಮೇಲೇ ಇರ್ತೀರಿ."

ದರ್ಜಿಯ ಮುಖ ಅರಳಿತು. ಗೋಡೆಯ ಭೂಪಟದಲ್ಲಿ ಗೆರೆ ಎಳೆದಿದ್ದ ವಿಮಾನದ ದಾರಿಯತ್ತ ಬೆರಳು ತೋರಿದರು. "ಆ ಗೆರೆ ಯಾಕೆ ಹಾಗೆ ಬಾಗಿದೆ? ಸುತ್ತುದಾರಿನಾ?"

"ಅದೇ ಹತ್ತಿರದ ದಾರಿ. ಭೂಮಿ ಗುಂಡಗಿದೆಯಲ್ಲಾ!"

"ಓಹೋ, ಹೊಟ್ಟೆ ಬಂದೋರಿಗೆ ಟೇಪು ಹಿಡಿದ ಹಾಗೆ!"

ಮರುದಿನ ವಿಮಾನವೇರಿದವರೇ ಸೂಜಿ ಹಿಡಿದರು. ಊಟಕ್ಕೊಂದಿಷ್ಟು, ತೂಕಡಿಕೆಗೊಂದಿಷ್ಟು, ಪಕ್ಕದ ಸೀಟಿನವರ ಅಂಗಿಗೆ ಗುಂಡಿ ಹಚ್ಚಿಕೊಡುವುದರಲ್ಲೊಂದಿಷ್ಟು ಹೊತ್ತು ಹೋದರೂ ಲೆಕ್ಕ ತಪ್ಪಿರಲಿಲ್ಲ. ಹನ್ನೊಂದನೆಯ ಕಾಜಾ ಮುಗಿಯುತ್ತಿದ್ದಂತೆ ಪೈಲಟನ ದನಿ ಕೇಳಿತು: ಎದುರುಗಾಳಿ ಕಡಿಮೆಯಿದ್ದುದರಿಂದ ನಲವತ್ತು ನಿಮಿಷ ಮುಂಚಿತವಾಗಿಯೇ ಇಳಿಯುತ್ತಿದ್ದೇವೆ.

ಎಲ್ಲರೂ ಚಪ್ಪಾಳೆ ತಟ್ಟಿದರು.

"ಇವನಿಗೇನಪ್ಪಾ ಅವಸರ? ಮದುವೆ ಇವನದಾ?" ಎಂದು ದರ್ಜಿ ಗೊಣಗಿದರು.

ಇಳಿದಾಗ ಉಳಿದದ್ದು ಒಂದು ಕಾಜಾ ಮತ್ತು ಪಾಸ್‌ಪೋರ್ಟ್ ತೋರಿಸುವ ಸಾಲು. ಅವರು ಕೈಚೀಲದ ಮೇಲೆ ಕುಳಿತು ಹೊಲಿಯತೊಡಗಿದರು. ಹಿಂದಿನವರಿಗೆಲ್ಲ, "ನೀವು ಹೋಗಿ, ನೀವು ಹೋಗಿ" ಎಂದು ದಾರಿ ಬಿಟ್ಟರು. ಅಷ್ಟೊಂದು ಸೌಜನ್ಯವನ್ನು ಆ ಸಾಲು ಹಿಂದೆಂದೂ ಕಂಡಿರಲಾರದು. ಕೊನೆಗೆ ಉಳಿದವರು ಅವರೊಬ್ಬರೇ.

"ಬನ್ನಿ," ಎಂದು ಅಧಿಕಾರಿ ಕರೆದ.

"ನಾಳೆ ಬನ್ನಿ," ಎಂದರು ದರ್ಜಿ, ತಲೆಯೆತ್ತದೆ.

ಮರುಕ್ಷಣವೇ ನಾಲಗೆ ಕಚ್ಚಿಕೊಂಡು, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದು ಎದ್ದು ನಿಂತರು.

ಹೊರಗೆ ತಮ್ಮ ಕಾಯುತ್ತಿದ್ದ. ಅಣ್ಣನ ಅಪ್ಪುಗೆಯಿಂದ ಬಿಡಿಸಿಕೊಂಡವನೇ ಕೇಳಿದ: "ಕೋಟು? ಇಲ್ಲಾ, ನಾಳೇನಾ?"

ದರ್ಜಿ ಕೋಟನ್ನು ಅವನ ಹೆಗಲಿಗೇರಿಸಿ, ಮೂರೂ ಗುಂಡಿ ಹಾಕಿ, ತಮ್ಮ ಕೈಗಡಿಯಾರವನ್ನು ಅವನ ಮೂಗಿನ ಬಳಿ ಹಿಡಿದರು. ಅದರಲ್ಲಿ ಇನ್ನೂ ಮನೆಯ ಸಮಯವೇ ಇತ್ತು: ಎಂಟು. ನಿಲ್ದಾಣದ ಗೋಡೆಯ ಗಡಿಯಾರದಲ್ಲಿ ಒಂದು.

"ನೋಡ್ಕೋ. ಏಳು ಗಂಟೆ ಮುಂಚೆನೇ ಕೊಟ್ಟಿದೀನಿ ಕಣೋ!"