ಒಂಬತ್ತನೇ ನಂಬರಿನ ಲೈಟಿಗೆ ಪ್ರಮಾಣಪತ್ರ

ಹುಕ್ರಪ್ಪನ ಎಡಗಿವಿ ಸುಟ್ಟ ಗ್ಯಾಸ್‌ಲೈಟಿಗೆ ಎಂಟೇ ದಿನದಲ್ಲಿ ‘ಸುರಕ್ಷಿತ’ ಎಂಬ ಸರ್ಕಾರಿ ಪ್ರಮಾಣಪತ್ರ ಸಿಕ್ಕಿತು.

ಲೈಟು ಮೂಡಬಿದ್ರೆಯ ನಿತ್ಯಾನಂದ ಶೆಟ್ಟರದು. ಟ್ಯಾಂಕಿಗೆ ಸೀಮೆಎಣ್ಣೆ ತುಂಬಿ ಪಂಪು ಹೊಡೆದರೆ ಎಣ್ಣೆಯೇ ಗ್ಯಾಸಾಗಿ ಉರಿಯುವಂಥದ್ದು. ಸುತ್ತಲಿನ ಊರುಗಳ ಮದುವೆಗೆಲ್ಲ ಬೆಳಕು ಹೋಗುತ್ತಿದ್ದುದು ಅವರ ಬಾಡಿಗೆ ಅಂಗಡಿಯಿಂದ. ದಿಬ್ಬಣದ ಜೊತೆ ಅದನ್ನು ಹೊತ್ತು ನಡೆಯಲು ಒಂದು ತಲೆಯೂ ಬೇಕು. ಶೆಟ್ಟರ ಬಳಿ ಲೈಟು ಹನ್ನೆರಡೇ ಇದ್ದವು, ತಲೆಗಳು ಕೇರಿಯಲ್ಲಿ ಬೇಕಾದಷ್ಟಿದ್ದವು. ಹಾಗಾಗಿ ಅವರು ಲೈಟುಗಳನ್ನು ಬಹಳ ಜೋಪಾನ ಮಾಡುತ್ತಿದ್ದರು.

ಒಂಬತ್ತನೇ ನಂಬರಿನ ಟ್ಯಾಂಕಿನ ಬೆಸುಗೆ ಬಿಟ್ಟಿದೆ, ಬಿಸಾಡಿ ಎಂದು ರಿಪೇರಿಯ ಇಬ್ರಾಹಿಂ ಖಲೀಲ್ ಎರಡು ಸಲ ಹೇಳಿದ್ದ. ಶೆಟ್ಟರು ಬಿಸಾಡಲಿಲ್ಲ, ಬಟ್ಟೆ ಒಗೆಯುವ ಸಾಬೂನನ್ನು ಸಂದಿಗೆ ಮೆತ್ತಿದರು. ಅಲಂಗಾರಿನ ದಿಬ್ಬಣದಲ್ಲಿ ಸಾಬೂನು ಕರಗಿತು. ಬೆಂಕಿ ಕೆಳಗಿಳಿಯಿತು. ಅದನ್ನು ಹೊತ್ತಿದ್ದ ಹುಕ್ರಪ್ಪ ಲೈಟನ್ನು ಬೀಳಿಸದೆ ಜೋಪಾನವಾಗಿ ಕಟ್ಟೆಯ ಮೇಲಿಟ್ಟು, ಆಮೇಲೆ ತನ್ನ ಕಿವಿಗೆ ತಾನೇ ಹೊಡೆದುಕೊಂಡು ಬೆಂಕಿ ಆರಿಸಿದ. ಗಾಜು ಒಡೆಯಲಿಲ್ಲವಲ್ಲ ಎಂದು ಶೆಟ್ಟರು ಅವನನ್ನು ಹೊಗಳಿದರು.

ಯಾರೋ ಹೆಸರಿಲ್ಲದ ಅರ್ಜಿ ಬರೆದರು. ೧೯೫೮ರ ಏಪ್ರಿಲ್‌ನ ಒಂದು ಮಧ್ಯಾಹ್ನ ಲೈಸನ್ಸು ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಹೊಸ ನಿಯಮದ ಪುಸ್ತಕ ಹಿಡಿದು ಬಂದರು. ಹನ್ನೆರಡು ಲೈಟುಗಳನ್ನೂ ಸಾಲಾಗಿ ಇಡಿಸಿದರು. ಪ್ರತಿಯೊಂದರ ಎತ್ತರ ಅಳೆದರು, ನಂಬರು ಓದಿದರು, ಗಾಜನ್ನು ಬೆರಳಿನಿಂದ ತಟ್ಟಿದರು.

“ಹಚ್ಚಿ ನೋಡುವುದಿಲ್ವಾ ಸಾರ್?” ಖಲೀಲ್ ಕೇಳಿದ.

“ಹಚ್ಚುವುದಾ? ಆರನೇ ನಿಯಮ ಏನು ಹೇಳ್ತದೆ? ಲೈಸನ್ಸು ಇರುವ ಕಟ್ಟಡದೊಳಗೆ ಬೆಂಕಿ ಹಚ್ಚುವುದು ಅಪರಾಧ.”

“ಹಾಗಾದ್ರೆ ಅಂಗಳದಲ್ಲಿ ಹಚ್ಚುವ.”

“ಅಂಗಳಕ್ಕೆ ಲೈಸನ್ಸು ಇಲ್ಲ. ಅಲ್ಲಿ ಏನಾದ್ರೂ ನನಗೆ ಸಂಬಂಧ ಇಲ್ಲ.”

“ಹಚ್ಚದಿದ್ರೆ ನಮ್ಮ ಬಾವಿಕಟ್ಟೆಯೂ ಒಳ್ಳೆ ಲೈಟೇ ಸಾರ್,” ಎಂದ ಖಲೀಲ್.

“ನೀನು ಸುಮ್ಮನಿರು ಮಾರಾಯ,” ಶೆಟ್ಟರು ಗದರಿಸಿ, ಇನ್ಸ್‌ಪೆಕ್ಟರರ ಲೋಟಕ್ಕೆ ಇನ್ನಷ್ಟು ಕಾಫಿ ಹೊಯ್ದರು.

ಆರಿದ ಲೈಟುಗಳು ಹನ್ನೆರಡೂ ಪಾಸಾದವು. ಒಂದೂ ಹೊಗೆಯಾಡಲಿಲ್ಲ, ಒಂದೂ ಸೋರಲಿಲ್ಲ. ಒಳಗೆ ಎಣ್ಣೆಯೇ ಇರಲಿಲ್ಲ. ಉಳಿದದ್ದು ಕೊನೆಯ ಕಾಲಮ್ಮು: ‘ಉಪಕರಣವನ್ನು ಇಡುವ ಪೀಠ: ಕಲ್ಲು, ಕಬ್ಬಿಣ ಅಥವಾ ಮರ.’

“ಪೀಠ ಯಾವುದು?”

ಶೆಟ್ಟರು ಬಾಗಿಲ ಬಳಿ ನಿಂತಿದ್ದ ಹುಕ್ರಪ್ಪನನ್ನು ತೋರಿಸಿದರು.

ಇನ್ಸ್‌ಪೆಕ್ಟರರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. “ತಲೆ ಅಂತ ಇಲ್ಲವಲ್ಲ. ಕಬ್ಬಿಣ ಅಂತ ಬರೆಯುವ ಹಾಗಿಲ್ಲ, ಸುಳ್ಳಾಗ್ತದೆ.” ತುಸು ಯೋಚಿಸಿ ‘ಮರ’ ಎಂದು ಬರೆದರು.

“ಮರಕ್ಕೆ ಕಿವಿ ಉಂಟಾ ಸಾರ್?” ಹುಕ್ರಪ್ಪ ಮೊದಲ ಬಾರಿಗೆ ಬಾಯಿ ತೆರೆದ.

“ಒಂದೇ ಉಂಟು,” ಎಂದ ಖಲೀಲ್.

ಮುದ್ರೆ ಬಿತ್ತು. ಹೊರಗೆ ಪುತ್ತಿಗೆಯ ಮದುವೆಯವರು ಲೈಟು ಒಯ್ಯಲು ಬಂದು ಕಾಯುತ್ತಿದ್ದರು. ಬಿಸಿಲು ಇಳಿದಿತ್ತು. ಹನ್ನೊಂದು ಲೈಟುಗಳನ್ನು ಕೇರಿಯ ಹನ್ನೊಂದು ಜನ ಎತ್ತಿಕೊಂಡರು. ಖಲೀಲ್ ಎಣ್ಣೆ ತುಂಬಿಸಿ ಒಂಬತ್ತನೆಯದನ್ನು ಅಂಗಳದಲ್ಲಿ ಹಚ್ಚಿದ. “ನಾನು ಹಚ್ಚಿದ್ದು ನೀವೆಲ್ಲ ನೋಡಲಿ ಅಂತ. ಇದರ ರಿಪೇರಿ ನನ್ನಿಂದ ಆಗುವುದಲ್ಲ,” ಎಂದ.

ಎರಡು ಪಂಪಿಗೆ ಲೈಟು ಬುಸುಗುಟ್ಟಿತು. ಬೆಸುಗೆಯ ಸಂದಿಯಿಂದ ನೀಲಿ ನಾಲಗೆಯೊಂದು ಹೊರಗೆ ಬಂದು ಒಳಗೆ ಹೋಯಿತು. ಮದುವೆಯವರು ಜಗಲಿ ಹತ್ತಿದರು. ಇನ್ಸ್‌ಪೆಕ್ಟರರು ಮೂರು ಹೆಜ್ಜೆ ಹಿಂದೆ ಸರಿದು ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಶೆಟ್ಟರು ಇನ್ಸ್‌ಪೆಕ್ಟರರ ಬೆನ್ನ ಹಿಂದೆ ನಿಂತರು.

“ಹೊರು ಹುಕ್ರ. ಹೊತ್ತಾಯ್ತು.”

“ಇದನ್ನಾ ಧಣಿ?”

“ಪ್ರಮಾಣಪತ್ರ ಉಂಟಲ್ಲ ಮಾರಾಯ! ಸರ್ಕಾರವೇ ಹೇಳಿದ ಮೇಲೆ ನಿನಗೆಂತ ಹೆದರಿಕೆ?”

“ಮತ್ತೆ ನೀವು ಯಾಕೆ ಹಿಂದೆ ಸರಿದದ್ದು?”

“ನಮಗೆ ಅಭ್ಯಾಸ ಇಲ್ಲ.”

“ಅಭ್ಯಾಸ ಮಾಡುವ ಧಣಿ. ಪುತ್ತಿಗೆಗೆ ಎರಡು ಗಂಟೆ ನಡೆದ್ರೆ ಸಾಕು.”

ಜಗಲಿಯ ಮೇಲೆ ಯಾರೋ ನಕ್ಕರು. ಶೆಟ್ಟರ ಮುಖ ಕೆಂಪಾಯಿತು. “ನೋಡು, ಇವತ್ತು ಹೊರದಿದ್ರೆ ಈ ವರ್ಷದ ಒಂದು ದಿಬ್ಬಣವೂ ನಿನಗಿಲ್ಲ. ಮಳೆಗಾಲಕ್ಕೆ ಎಂತ ತಿಂತೀಯ? ನಾಳೆ ನಿನ್ನ ಹೆಂಡತಿ ಬಂದು ನನ್ನ ಬಾಗಿಲಲ್ಲಿ ಅಳಬಾರದು.”

ಹುಕ್ರಪ್ಪನಿಗೆ ಮನೆಯ ಅಕ್ಕಿ ಎಷ್ಟು ದಿನಕ್ಕೆಂದು ಗೊತ್ತಿತ್ತು. ಅವನು ಲೈಟನ್ನು ನೋಡಿದ. ಸಾಲಾಗಿ ನಿಂತ ಹನ್ನೊಂದು ಜನರನ್ನು ನೋಡಿದ. ಅವರು ಇವನನ್ನು ನೋಡುತ್ತಿದ್ದರು.

“ಹೊರಬೇಕು ಅಪ್ಪ,” ಇನ್ಸ್‌ಪೆಕ್ಟರರು ಸೈಕಲ್ಲಿನ ಆಚೆಯಿಂದಲೇ ಮೆಲ್ಲನೆ ಹೇಳಿದರು. “ಪತ್ರ ಕೊಟ್ಟಾಗಿದೆ. ನೀನು ಹೊರದಿದ್ದರೆ ಇಲಾಖೆಗೆ ಅವಮಾನ.”

ಹುಕ್ರಪ್ಪ ತಲೆಯ ಮೇಲಿನ ಬಟ್ಟೆಯ ಸಿಂಬೆಯನ್ನು ತೆಗೆದು, ಬಿಚ್ಚಿ, ಕೊಡವಿ ಹೆಗಲಿಗೆ ಹಾಕಿಕೊಂಡ.

“ಹೊರುವುದಿಲ್ಲ ಸಾರ್,” ಎಂದ.