ಹಡಗಿನಲ್ಲಿದ್ದ ಮಗ

ಅಂಗಡಿಯ ಮುಂದೆ ಪೈಪು ಹಾಕಲು ಅಗೆದ ಗುಂಡಿಯನ್ನು ಮುಚ್ಚಿಸಿ ಎಂದು ಪುರಸಭೆ ಕಚೇರಿಗೆ ಅಲೆದು ದರ್ಜಿಯಮ್ಮ ಚಪ್ಪಲಿ ಸವೆಸಿದ್ದಳು. ಇವತ್ತು ಸಾಹೇಬರಿಲ್ಲ, ನಾಳೆ ಬಾ. ಇತ್ತ ಗಿರಾಕಿಗಳು ಗುಂಡಿಯ ಆಚೆ ದಡದಿಂದಲೇ ಕೈಬೀಸಿ ಹೋಗುತ್ತಿದ್ದರು. ಕೊನೆಗೆ ಅವಳ ತಲೆ ಕೆಟ್ಟಿತು. ಹೊಲಿಗೆ ಯಂತ್ರವನ್ನು ತಳ್ಳುಗಾಡಿಗೆ ಹೇರಿಸಿ, ದೊಡ್ಡ ರಸ್ತೆಯ ಸಿಗ್ನಲ್ ಕೆಳಗೆ ಇಳಿಸಿ, ಸ್ಟೂಲು ಎಳೆದುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯತೊಡಗಿದಳು. ಹಸಿರು ದೀಪ ಬಂತು, ಕೆಂಪು ದೀಪ ಬಂತು, ಅವಳ ಕಾಲು ಪೆಡಲ್ ಬಿಡಲಿಲ್ಲ. ಪೊಲೀಸಿನವನು ಗದರಿದ್ದಕ್ಕೆ, "ಅಂಗಡಿಗೆ ದಾರಿ ಇಲ್ಲ ಸ್ವಾಮಿ, ಅದಕ್ಕೇ ದಾರಿಗೆ ಅಂಗಡಿ ತಂದೆ" ಎಂದಳು. ಟೀವಿಯವರಿಗೆ ಇನ್ನೇನು ಬೇಕು!

ಗುಂಡಿ ಮುಚ್ಚಿತು. ದರ್ಜಿಯಮ್ಮ ಬೆಳಗಾಗುವುದರೊಳಗೆ ಊರಿಗೆಲ್ಲ ಸಿಗ್ನಲ್ ಅಕ್ಕನಾದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹೊಗಳಿಕೆ ನೆತ್ತಿಗೇರಿದ ಮೇಲೆ ನಾಲಿಗೆ ಹಿಡಿತದಲ್ಲಿರುತ್ತದೆಯೇ? ಮೈಕು ಹಿಡಿದ ಹುಡುಗಿ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದಳು. "ನಾನು, ನಮ್ಮತ್ತೆ. ಯಜಮಾನರು ಹಡಗಿನ ಕೆಲಸದಲ್ಲಿದ್ದಾರೆ" ಎಂದು ಇವಳು ರೂಢಿಯಂತೆ ಹೇಳಿಬಿಟ್ಟಳು.

ಗಂಡ ಇವಳನ್ನು ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಅತ್ತೆಗೆ ಮಾತ್ರ ಮಗ ಹಡಗು ಹತ್ತಿದ ಎಂದೇ ಹೇಳಿ, ಯಾರ ಬಾಯಿಂದಲೂ ನಿಜ ಹೊರಬೀಳದಿರಲಿ ಎಂದು ಮನೆ, ಬೀದಿ ಎಲ್ಲ ಬದಲಿಸಿದ್ದಳು. ಮಂಡಿನೋವಿನ ಅತ್ತೆ ಹೊಸಿಲು ದಾಟುತ್ತಿರಲಿಲ್ಲ. ಕಿಟಕಿ ಪಕ್ಕ ಕೂತು, ಸೊಸೆ ಹೊಲಿದ ಅಂಗಿಗಳಿಗೆ ಕೈಯಲ್ಲೇ ಕಾಜ ಹಾಕುತ್ತಾ, ಟೀವಿ ಕೇಳುತ್ತಾ, ಮಗನ ಹಡಗು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಮೈಕಿನ ಹುಡುಗಿ ಕೆಟ್ಟವಳೇನಲ್ಲ. ಹಡಗಿನಿಂದ ಗಂಡನ ಎರಡು ಮಾತು ಕೇಳಿಸಿ ಸಿಗ್ನಲ್ ಅಕ್ಕನಿಗೆ ಖುಷಿ ಕೊಡೋಣ ಎಂದು ಹುಡುಕಹೊರಟಳು. ಹಡಗು ಸಿಗಲಿಲ್ಲ. ಪಕ್ಕದೂರಿನಲ್ಲಿ ಒಂದು ಟೈರ್ ಅಂಗಡಿ ಸಿಕ್ಕಿತು. ಅದರಲ್ಲಿ ಗಂಡ, ಅವನ ಇನ್ನೊಬ್ಬ ಹೆಂಡತಿ, ಇಬ್ಬರು ಮಕ್ಕಳು. ಇಂಥ ಸುದ್ದಿ ಕೈಗೆ ಸಿಕ್ಕರೆ ಒಳ್ಳೆಯವರ ಕೈಯೂ ಸುಮ್ಮನಿರುವುದಿಲ್ಲ.

ದರ್ಜಿಯಮ್ಮ ಅದನ್ನು ನೋಡಿದ್ದು ಎದುರಿನ ಕ್ಷೌರದಂಗಡಿಯ ಟೀವಿಯಲ್ಲಿ. ಗಂಡ ದಪ್ಪಗಾಗಿದ್ದ. "ಅವಳ ಹಠ ಸಹಿಸೋಕಾಗ್ಲಿಲ್ಲ, ಬಿಟ್ಟೆ. ಅಮ್ಮ ಬಂದ್ರೆ ನಾನೇ ನೋಡ್ಕೋತೀನಿ" ಎನ್ನುತ್ತಿದ್ದ. ಅರ್ಧ ಗಡ್ಡ ಬೋಳಿಸಿಕೊಂಡವರು ಕೂಡ ತಿರುಗಿ ಇವಳನ್ನೇ ನೋಡಿದರು. ಅವಳು ಕತ್ತರಿ ಹಿಡಿದ ಕೈಯಲ್ಲೇ ಮನೆಗೆ ಓಡಿದಳು.

ಮನೆಯಲ್ಲಿ ಟೀವಿ ಆರಿತ್ತು. ಅತ್ತೆ ಮಂಚದ ಮೇಲೆ ಕೈಚೀಲ ಇಟ್ಟುಕೊಂಡು ಸೀರೆ ಮಡಿಸುತ್ತಿದ್ದರು.

"ಅತ್ತೆ..."

"ಆ ಬಿರುಗಾಳಿ ಯಾಕೆ ಬೀಸಿಸಿದೆ?"

"ಯಾವ ಬಿರುಗಾಳಿ?"

"ಹಡಗು ಸಿಕ್ಕಿಹಾಕ್ಕೊಂಡಿದೆ ಅಂದೆಯಲ್ಲ, ಅದು. ಅವನು ಕ್ಷೇಮ ಅಂತ ಗೊತ್ತಾಗೋವರೆಗೂ ನಾನು ಅನ್ನ ಮುಟ್ಟಲಿಲ್ಲ ಕಣೇ!"

"ನೀವು ಫೋನ್ ಮಾಡಿಸು ಅಂತ ಹಠ ಹಿಡಿದಿದ್ರಿ. ಇನ್ನೇನು ಹೇಳ್ಬೇಕೋ ತೋಚಲಿಲ್ಲ."

ಮಗ ಹಡಗಿನಿಂದ ಕಳಿಸಿದ್ದೆಂದು ಸೊಸೆ ಕೊಟ್ಟಿದ್ದ ರವಿಕೆಯನ್ನು ಅತ್ತೆ ಎತ್ತಿ, ಕೊರಳ ಒಳಭಾಗ ತಿರುವಿ ತೋರಿಸಿದರು. ದರ್ಜಿಯಮ್ಮನ ಅಂಗಡಿಯ ಹೆಸರಿನ ಪಟ್ಟಿ! ಯಾವ ಬಟ್ಟೆ ಹೊಲಿದರೂ ಕೈ ತಾನಾಗಿ ಅದನ್ನು ಕೂರಿಸಿಬಿಡುತ್ತಿತ್ತು. ಸುಳ್ಳು ಹೊಲಿಯುವಾಗಲೂ ಕೂರಿಸಿತ್ತು.

"ಇದನ್ನ ಆವತ್ತೇ ನೋಡಿದ್ದೆ. ನಮ್ಮ ಅಂಗಡಿಗೇ ಆರ್ಡರ್ ಕೊಟ್ಟು ಮಾಡಿಸಿದ್ದಾನೆ, ಎಂಥ ಮಗ ಅಂತ ಹಿಗ್ಗಿದೆ. ನನ್ನಂಥ ದಡ್ಡಿ ಇದ್ದಾಳಾ?" ಎಂದು ಅತ್ತೆ ನಗಲು ಹೋಗಿ ಅತ್ತರು.

ದರ್ಜಿಯಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಅತ್ತೆಯ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳಿದೆ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಅದನ್ನೇ ಹೇಳಲು ಬಾಯಿ ತೆರೆದರೆ ಬೇರೆ ಮಾತೇ ಬಂತು.

"ನಿಮಗೋಸ್ಕರ ಅಲ್ಲ ಅತ್ತೆ. ನನಗೋಸ್ಕರ ಹೇಳಿದ್ದು. ನಿಜ ಗೊತ್ತಾದ್ರೆ ನೀವು ಅವನ ಹತ್ರ ಹೋಗ್ಬಿಡ್ತೀರಿ. ನನಗೆ ನೀವು ಬೇಕಿತ್ತು."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೈಕಿನ ಹುಡುಗಿ, ಅವಳ ಹಿಂದೆ ಹೆಗಲ ಮೇಲೆ ಕ್ಯಾಮೆರಾ ಹೊತ್ತವನು. ಹುಡುಗಿಯ ಮುಖ ಬಾಡಿತ್ತು. ಕ್ಯಾಮೆರಾದ ಕೆಂಪು ಚುಕ್ಕೆ ಮಾತ್ರ ಉರಿಯುತ್ತಲೇ ಇತ್ತು.

"ಅಜ್ಜೀ, ಮಗ ಕರೀತಿದ್ದಾರೆ. ಹೋಗ್ತೀರಾ? ಎಲ್ಲರೂ ಕಾಯ್ತಿದ್ದಾರೆ."

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಾಗಿಲಿಗೆ ಬಂದರು. "ಯಾರು ಕಾಯ್ತಿರೋದು? ನನಗೆ ಗೊತ್ತಿರೋರಾ?"

ಹುಡುಗಿ ತಡವರಿಸಿದಳು. "ಅಂದ್ರೆ... ನೋಡೋ ಜನ, ಅಜ್ಜಿ."

"ಗುಂಡಿ ಬೀದಿಯದು, ಅದನ್ನ ತೋರಿಸಿದ್ರಿ, ಪುಣ್ಯ ಬರಲಿ. ಇದು ನಮ್ಮ ಮನೆ ಮಾತು ಮಗಳೇ. ನನ್ನ ಸೊಸೆ ಕೇಳಿದ್ರೆ ಹೇಳ್ತೀನಿ, ಊರು ಕೇಳಿದ್ರೆ ಹೇಳಲ್ಲ."

ಹುಡುಗಿ ಕೈಯಿಂದ ಕ್ಯಾಮೆರಾದ ಕಣ್ಣು ಮುಚ್ಚಿ, "ತಪ್ಪಾಯ್ತು ಅಜ್ಜಿ" ಎಂದು, ಬಾಗಿಲನ್ನು ತಾನೇ ಹೊರಗಿನಿಂದ ಎಳೆದುಕೊಂಡಳು.

ಒಳಗೆ ಇಬ್ಬರೇ ಉಳಿದರು. ದರ್ಜಿಯಮ್ಮನಿಗೆ ಕೇಳಲು ಭಯ, ಕೇಳದಿರಲೂ ಭಯ.

"ಹೋಗ್ತೀರಾ ಅತ್ತೆ?"

"ಹೋಗ್ದೆ ಇರ್ತೀನಾ? ಎರಡು ಮೊಮ್ಮಕ್ಕಳಿವೆ, ಮುಖ ನೋಡ್ಬೇಡ್ವಾ? ಅವನ ಕಿವಿ ಬೇರೆ ಹಿಂಡ್ಬೇಕು." ಅತ್ತೆ ಚೀಲದ ಬಾಯಿ ಕಟ್ಟಿದರು. "ಒಂದು ಜೊತೆ ಬಟ್ಟೆ ಇಟ್ಕೊಂಡಿದ್ದೀನಿ. ನಾಡಿದ್ದು ಸಂಜೆ ಬಸ್‌ಸ್ಟ್ಯಾಂಡಿಗೆ ಬಂದು ನನ್ನನ್ನ ಮನೆಗೆ ಕರ್ಕೊಂಡು ಬಾ. ತಡ ಮಾಡ್ಬೇಡ, ಈ ಮಂಡೀಲಿ ನಿಲ್ಲೋಕಾಗಲ್ಲ."