ನೀವೂ ಬನ್ನಿ

ಸಿಯಾಟಲ್ ಸುತ್ತಲಿನ ಕನ್ನಡಿಗರು ಮುಂದೆಂದಾದರೂ ತಮ್ಮ ಚರಿತ್ರೆ ಬರೆಸಿದರೆ, ಒಂದು ಪ್ರಶ್ನೆಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯ ಮೀಸಲಿಡಬೇಕಾಗುತ್ತದೆ: ವೇಲ್ಸ್ ಕರಾವಳಿಯ ಒಂದು ಕಾಟೇಜಿನಲ್ಲಿ ಎಷ್ಟು ಜನ ಮಲಗಬಹುದು?

ಮಾಲಕಿಯ ಪ್ರಕಾರ ನಾಲ್ಕು.

ಶ್ರೀವಿದ್ಯಾಳಿಗೆ ಬೇಕಾಗಿದ್ದದ್ದು ಮೂರೇ. ಸಿಯಾಟಲ್ ಬಳಿಯ ಕ್ಯಾನ್ಯನ್ ಪಾರ್ಕಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅವಳು ಮದುವೆಗೆ ಮುಂಚೆ ಒಂದು ವರ್ಷ ವೇಲ್ಸಿನ ಕಾರ್ಡಿಫ್‌ನಲ್ಲಿ ಓದಿದ್ದಳು. ಒಂದು ಭಾನುವಾರ ಈ ಕಾಟೇಜಿರುವ ಕಡಲೂರಿಗೆ ಹೋಗಿ, ಕೊನೆಯ ಬಸ್ಸು ತಪ್ಪೀತೆಂದು ನಾಲ್ಕು ಗಂಟೆಗೇ ಹಿಂದಿರುಗಿದ್ದಳು. ಅಲೆಯ ಸದ್ದು ಕೇಳುತ್ತ ಅಲ್ಲೇ ಮಲಗಬೇಕೆಂಬ ಆಸೆಗೆ ಈಗ ಇಪ್ಪತ್ತೆರಡು ವರ್ಷ. ಆಗಸ್ಟಿನಲ್ಲಿ ಇಂಡಿಯಾಕ್ಕೆ ಹೋಗುವ ದಾರಿಯಲ್ಲಿ ಒಂದು ವಾರ ಇಳಿಯುವುದೆಂದು ನಿಶ್ಚಯವಾಗಿತ್ತು. ರಜೆ ಸಿಕ್ಕಿತ್ತು. ವೀಸಾದ ಕಾಗದಗಳು ಫೈಲಿನಲ್ಲಿದ್ದವು. ಇಲ್ಲೇ ಎರಡೂವರೆ ಗಂಟೆ ಡ್ರೈವ್ ಮಾಡಿದರೆ ಸಮುದ್ರ ಸಿಗುತ್ತದೆಂದು ಮಗಳು ಪೂಜಿತಾ ಇಂಗ್ಲಿಷಿನಲ್ಲಿ ನೆನಪಿಸಿದ್ದನ್ನು ಅವಳು ಕನ್ನಡದಲ್ಲಿ ಕಡೆಗಣಿಸಿದ್ದಳು.

ಇದೆಲ್ಲ ಕೆಟ್ಟದ್ದು ಪಕ್ಕದೂರು ಎವರೆಟ್‌ನಲ್ಲಿ, ಸ್ನೇಹಿತ ದ್ಯಾಮಣ್ಣನ ಮನೆಯ ಬಾಗಿಲಲ್ಲಿ. ಊಟ ಮುಗಿದು, ಚಪ್ಪಲಿ ಮೆಟ್ಟಿ, ನಮ್ಮವರ ಪದ್ಧತಿಯಂತೆ ಮುಕ್ಕಾಲು ಗಂಟೆಯ ಬೀಳ್ಕೊಡುಗೆ ನಡೆದಿತ್ತು. ಶ್ರೀವಿದ್ಯಾಳ ಗಂಡ ಲಕ್ಷ್ಮೀಕಾಂತ ಮೈಸೂರಿನವನು. ವೇಲ್ಸ್ ವಿಷಯ ಹೇಳಿ, ಕೊನೆಗೆ "ನೀವೂ ಬನ್ನಿ" ಎಂದ. ಮೈಸೂರಿನಲ್ಲಿ ಇದಕ್ಕೆ "ಅಯ್ಯೋ, ನೀವು ಹೋಗ್ಬನ್ನಿ" ಎಂಬ ಸಿದ್ಧ ಉತ್ತರವಿದೆ. ದ್ಯಾಮಣ್ಣ ಬಾಗಲಕೋಟೆಯವನು.

"ಬರ್ತೀವ್ರೀ," ಎಂದ. "ಆಗಸ್ಟ್‌ದಾಗ ನನಗೂ ಸೂಟಿ ಐತಿ."

ಜಾಗ ಸ್ವಲ್ಪ ಚಿಕ್ಕದು ಎಂದು ಲಕ್ಷ್ಮೀಕಾಂತ ತೊದಲಿದ. ಚಾಪೆ ತಾವೇ ತರುವುದಾಗಿ ದ್ಯಾಮಣ್ಣ ಧೈರ್ಯ ಹೇಳಿದ. ಅವನು, ಹೆಂಡತಿ ಕೀರ್ತಿ, ಇಬ್ಬರು ಮಕ್ಕಳು, ಊರಿಂದ ಬಂದಿದ್ದ ತಾಯಿ ಗಂಗವ್ವ: ಇವರು ಮೂವರೂ ಸೇರಿ ಒಟ್ಟು ಎಂಟಾಯಿತು.

"ಯಾಕ್ರೀ ಕರೆದ್ರಿ?" ಎಂದಳು ಶ್ರೀವಿದ್ಯಾ, ಕಾರು ಹೈವೇಗೆ ಸೇರುವ ಮೊದಲೇ.

"ಸುಮ್ನೆ ಕರೆದೆ ಕಣೇ. ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಹಾಗಾದ್ರೆ ಬೇಡ ಅನ್ನಿ."

"ಕರೆದವನೇ ಬೇಡ ಅಂದ್ರೆ ಚೆನ್ನಾಗಿರುತ್ತಾ? ನೀನೇ ಹೇಳು."

ಮುಂದಿನ ನಾಲ್ಕು ದಿನ ಅವನು ಮಾಲಕಿಯೊಡನೆ ಪತ್ರವ್ಯವಹಾರ ನಡೆಸಿದ. ಮಕ್ಕಳು ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ ಎಂದು ಬರೆದ. ಮಕ್ಕಳೂ ಜನರೇ ಎಂದು ಉತ್ತರ ಬಂತು. ಹಿರಿಯರಿಗೆ ಸೋಫಾ ಸಾಕು ಎಂದ. ಅಗ್ನಿ ಸುರಕ್ಷತೆಯ ನಿಯಮಗಳ ಪ್ರತಿ ಬಂತು. ಅಂಗಳದಲ್ಲಿ ಡೇರೆ ಹಾಕಬಹುದೇ ಎಂದು ಕೇಳಿದ್ದಕ್ಕೆ, ಶುಕ್ರವಾರದೊಳಗೆ ನಾಲ್ವರೋ ಅಲ್ಲವೋ ತಿಳಿಸಿ, ಬೇರೆಯವರು ಕಾದಿದ್ದಾರೆ ಎಂದಷ್ಟೇ ಬರೆದಳು.

ಗುರುವಾರ ಶ್ರೀವಿದ್ಯಾ ಲ್ಯಾಬಿನ ಪಾರ್ಕಿಂಗಿನಲ್ಲಿ ಕೂತು, ಹೇಳಬೇಕಾದ ಎರಡು ವಾಕ್ಯಗಳನ್ನು ಮೂರು ಸಲ ಗಟ್ಟಿಯಾಗಿ ಹೇಳಿಕೊಂಡು, ಕೀರ್ತಿಗೆ ಕಾಲ್ ಮಾಡಿದಳು. ಫೋನೆತ್ತಿದವಳು ಗಂಗವ್ವ. ಸೊಸೆ ಸ್ವೆಟರ್ ತರಲು ಅಂಗಡಿಗೆ ಹೋಗಿದ್ದಾಳೆ, ಫೋನು ಇಲ್ಲೇ ಮರೆತಿದ್ದಾಳೆ ಎಂದಳು.

"ಗಂಗವ್ವನೋರೇ, ಆ ವೇಲ್ಸ್ ವಿಷ್ಯ ಒಂದು ಮಾತು..."

"ನಾ ಒಲ್ಲೆ ಅಂದಿದ್ನೆವ್ವಾ," ಎಂದಳು ಗಂಗವ್ವ. "ಆಮ್ಯಾಲ ಅನಿಸ್ತು, ಇಲ್ಲಿ ಬಂದು ನಾಕ ತಿಂಗಳಾತು. ಎಲ್ಲಾರೂ 'ಆರಾಮದೀರೇನು' ಅಂತಾರ. 'ಬರ್ರಿ' ಅಂದವರು ನೀವ ಒಬ್ಬರು. ನೀ ಏನೋ ಹೇಳಾಕತ್ತಿದ್ದಿ?"

ಶ್ರೀವಿದ್ಯಾ, ಅಲ್ಲಿ ಗಾಳಿ ಜೋರು, ಕಿವಿಗೆ ಕಟ್ಟಿಕೊಳ್ಳಲು ಏನಾದರೂ ಇಟ್ಟುಕೊಳ್ಳಿ ಎಂದಳು. ಕಾರಿನಲ್ಲೇ ಕೂತು ಮಾಲಕಿಗೆ ತಾವು ನಾಲ್ವರಲ್ಲವೆಂದು ಬರೆದಳು.

ಎಂಟು ಜನ ಮಲಗುವ ಮನೆ ಶನಿವಾರ ಸಿಕ್ಕಿತು. ಅಲ್ಲಿಂದ ಸಮುದ್ರ ಇಪ್ಪತ್ತಾರು ಮೈಲಿ.